ಕುಸ್ತಿ ಅಖಾಡದಲ್ಲಿ ಸುಳ್ಳು ಹೃದಯಾಘಾತ: ಜೆರ್ರಿ ಲಾಲರ್ ಪ್ರಕರಣ ಮತ್ತು ಅದರ ಹಿನ್ನೆಲೆ

2012ರ ನವೆಂಬರ್ 12ರಂದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ‘ಮಂಡೇ ನೈಟ್ ರಾ’ ಕಾರ್ಯಕ್ರಮ ನೇರ ಪ್ರಸಾರವಾಗುತ್ತಿತ್ತು. ಖಳ ವ್ಯವಸ್ಥಾಪಕನ ಪಾತ್ರ ವಹಿಸುತ್ತಿದ್ದ ಪಾಲ್ ಹೇಮನ್ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ರಿಂಗ್‌ನಲ್ಲಿ ಕುಸಿದುಬಿದ್ದರು. ಅವರ ಜೊತೆಗಾರ, ಅಂದಿನ ಚಾಂಪಿಯನ್ ಸಿ.ಎಂ. ಪಂಕ್ ಮಂಡಿಯೂರಿ ಎದೆಯೊತ್ತುವ ನಟನೆ ಮಾಡಿದರು. ಕೆಲವೇ ಕ್ಷಣಗಳಲ್ಲಿ ಅದು ಅಣಕವೆಂಬುದು ಎಲ್ಲರಿಗೂ ತಿಳಿಯಿತು.

ಅಣಕಕ್ಕೆ ಗುರಿಯಾದವರು ಎದುರಿಗೇ ನಿಂತಿದ್ದರು. ಅವರು ಜೆರ್ರಿ ಲಾಲರ್. ಸರಿಯಾಗಿ ಒಂಬತ್ತು ವಾರಗಳ ಹಿಂದೆ, ಸೆಪ್ಟೆಂಬರ್ 10ರಂದು, ಇದೇ ಕಾರ್ಯಕ್ರಮದ ನೇರ ಪ್ರಸಾರದ ನಡುವೆ ಅವರ ಹೃದಯ ನಿಜವಾಗಿಯೂ ನಿಂತುಹೋಗಿತ್ತು. ಚೇತರಿಸಿಕೊಂಡು ಕಾರ್ಯಕ್ರಮಕ್ಕೆ ಮರಳಿದ ಮೊದಲ ರಾತ್ರಿಯೇ ಅವರಿಗೆ ಈ ‘ಸ್ವಾಗತ’ ದೊರೆಯಿತು.

ಪ್ರಕರಣ ಅಮೆರಿಕದಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ವೃತ್ತಿಪರ ಕುಸ್ತಿಯ ಒಳಹೊರಗನ್ನು ದಶಕಗಳಿಂದ ವರದಿ ಮಾಡುತ್ತ ಬಂದಿರುವ ‘ರೆಸ್ಲಿಂಗ್ ಅಬ್ಸರ್ವರ್’ ಪತ್ರಿಕೆಯ ಓದುಗರು, ವರ್ಷದ ಅತ್ಯಂತ ಹೇಯ ಪ್ರಚಾರ ತಂತ್ರಕ್ಕೆ ಮೀಸಲಾದ ‘ಪ್ರಶಸ್ತಿ’ಯನ್ನು ಇದಕ್ಕೇ ನೀಡಿದರು. ಆದರೆ ಕುಸ್ತಿ ಪರದೆಯ ಮೇಲಿನ ಸುಳ್ಳು ಅಸ್ವಸ್ಥತೆಗಳ ಇತಿಹಾಸವನ್ನು ಅವಲೋಕಿಸಿದರೆ, ಇದು ಮೊದಲನೆಯದೂ ಅಲ್ಲ, ಅತ್ಯಂತ ಅಪಾಯಕಾರಿಯಾದುದೂ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಕುಸ್ತಿಯಲ್ಲ, ಕುಸ್ತಿಯ ಪ್ರದರ್ಶನ

ಮೈಸೂರು ದಸರೆಯ ಕುಸ್ತಿಯನ್ನು ಕಂಡವರಿಗೆ ಒಂದು ಮಾತು ಮೊದಲೇ ಹೇಳಬೇಕು. ಗರಡಿಮನೆಯ ಕುಸ್ತಿಗೂ ಅಮೆರಿಕದ ಈ ‘ವೃತ್ತಿಪರ ಕುಸ್ತಿ’ಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಮಟ್ಟಿಯ ಮೇಲೆ ಯಾರು ಯಾರನ್ನು ಚಿತ್ ಮಾಡುತ್ತಾರೆಂಬುದು ಪಂದ್ಯ ಮುಗಿಯುವವರೆಗೆ ಯಾರಿಗೂ ತಿಳಿಯದು. ಅಲ್ಲಿಯದು ಹಾಗಲ್ಲ. ಗೆಲ್ಲುವವರು ಯಾರು, ಸೋಲುವವರು ಯಾರು, ಜಗಳ ಯಾವ ವಾರ ಆರಂಭವಾಗಿ ಯಾವ ವಾರ ಮುಗಿಯಬೇಕು ಎಂಬುದೆಲ್ಲ ಮೊದಲೇ ನಿರ್ಧಾರವಾಗಿರುತ್ತದೆ. ಬೀಳುವ ಪೆಟ್ಟು ಮಾತ್ರ ಎಷ್ಟೋ ಬಾರಿ ನಿಜವಾದದ್ದೇ.

ಕೇಬಲ್ ಟಿವಿ ಮನೆಮನೆಗೆ ಬಂದ 1990ರ ದಶಕದಲ್ಲಿ ಕರ್ನಾಟಕದ ನಗರಗಳ ಮಕ್ಕಳು ಡಬ್ಲ್ಯುಡಬ್ಲ್ಯುಎಫ್ ಎಂಬ ಹಳೆಯ ಹೆಸರಿನಲ್ಲಿ ಇದನ್ನು ಕಂಡರು, ಪೈಲ್ವಾನರ ಚಿತ್ರವಿದ್ದ ಟ್ರಂಪ್ ಕಾರ್ಡುಗಳಿಗಾಗಿ ಕಿತ್ತಾಡಿದರು. ‘ಇದು ನಿಜವೋ ಸುಳ್ಳೋ’ ಎಂಬ ವಾದ ಶಾಲೆಯ ಬಿಡುವಿನ ವೇಳೆಯಲ್ಲಿ ಎಂದೂ ಬಗೆಹರಿಯಲಿಲ್ಲ. ಅಮೆರಿಕದಲ್ಲಾದರೋ ಆ ಪ್ರಶ್ನೆಗೆ 1989ರಲ್ಲೇ ಅಧಿಕೃತ ಉತ್ತರ ದೊರೆತಿತ್ತು. ನ್ಯೂಜೆರ್ಸಿ ರಾಜ್ಯದ ಕ್ರೀಡಾ ನಿಯಂತ್ರಣದಿಂದ ಹೊರಬರುವ ಸಲುವಾಗಿ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಸಂಸ್ಥೆಯೇ ಒಪ್ಪಿಕೊಂಡಿತ್ತು.

ಈ ಉದ್ಯಮಕ್ಕೆ ತನ್ನದೇ ಆದ ಗುಪ್ತಭಾಷೆಯಿದೆ. ಎಲ್ಲವೂ ನಿಜವೆಂಬ ಭ್ರಮೆಯನ್ನು ಕಾಪಾಡುವ ಕಟ್ಟಳೆಗೆ ‘ಕೇಫೇಬ್’ ಎನ್ನುತ್ತಾರೆ. ಮೊದಲೇ ಹೆಣೆದದ್ದು ‘ವರ್ಕ್’, ಹೆಣೆಯದೇ ನಡೆದದ್ದು ‘ಶೂಟ್’. ಖಳನಾಯಕ ‘ಹೀಲ್’, ಅವನ ಮೇಲೆ ಪ್ರೇಕ್ಷಕರಿಗೆ ಉಕ್ಕಬೇಕಾದ ಸಿಟ್ಟು ‘ಹೀಟ್’. ನೋಡುಗರು ಖಳನನ್ನು ಎಷ್ಟು ದ್ವೇಷಿಸುತ್ತಾರೋ ಅಷ್ಟು ಟಿಕೆಟ್ ಮಾರಾಟವಾಗುತ್ತದೆ ಎಂಬುದು ಇಲ್ಲಿನ ವ್ಯಾಪಾರ ಸೂತ್ರ.

ಲಾಲರ್ ಮತ್ತು ಮುರಿಯದ ಕುತ್ತಿಗೆ

ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದ ಜೆರ್ರಿ ಲಾಲರ್ ಈ ಸೂತ್ರವನ್ನು ಬೇರೆಲ್ಲರಿಗಿಂತ ಚೆನ್ನಾಗಿ ಬಲ್ಲವರು. ಸುಳ್ಳು ಅಸ್ವಸ್ಥತೆಯ ಅತ್ಯಂತ ಪ್ರಸಿದ್ಧ ಪ್ರಸಂಗವೊಂದರ ನಿರ್ಮಾತೃಗಳಲ್ಲಿ ಅವರೂ ಒಬ್ಬರು ಎಂಬುದು ಈ ಇಡೀ ಕಥೆಯ ವಿಪರ್ಯಾಸ.

1982ರ ಏಪ್ರಿಲ್ 5ರಂದು ಮೆಂಫಿಸ್‌ನಲ್ಲಿ ಅವರು ಹಾಲಿವುಡ್‌ನ ಹಾಸ್ಯನಟ ಆಂಡಿ ಕಾಫ್ಮನ್ ಅವರೊಡನೆ ಸೆಣಸಿದರು. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಅಪ್ಪಳಿಸುವ ‘ಪೈಲ್‌ಡ್ರೈವರ್’ ಪಟ್ಟನ್ನು ಲಾಲರ್ ಪ್ರಯೋಗಿಸಿದರು. ಕಾಫ್ಮನ್ ಅಲುಗಾಡದೆ ಬಿದ್ದುಕೊಂಡರು. ಆಂಬುಲೆನ್ಸ್ ಬಂತು, ಆಸ್ಪತ್ರೆಗೆ ಸಾಗಿಸಲಾಯಿತು. ಬಳಿಕ ಬಹುಕಾಲ ಅವರು ಕುತ್ತಿಗೆಪಟ್ಟಿ ಧರಿಸಿಯೇ ಕಾಣಿಸಿಕೊಂಡರು. ಅದೇ ವರ್ಷದ ಜುಲೈ 28ರಂದು ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ಇಬ್ಬರೂ ಮುಖಾಮುಖಿಯಾದಾಗ ಲಾಲರ್ ಕಪಾಳಕ್ಕೆ ಹೊಡೆದರು. ಕುರ್ಚಿಯಿಂದ ಉರುಳಿದ ಕಾಫ್ಮನ್ ಎದ್ದು ನಿಂತು ಬೈಗುಳದ ಮಳೆಗರೆದರು. ಇದು ದೇಶದಾದ್ಯಂತ ಸುದ್ದಿಯಾಯಿತು.

ಇವರಿಬ್ಬರೂ ಆಪ್ತ ಗೆಳೆಯರು, ಎಲ್ಲವೂ ಕೂಡಿ ಹೆಣೆದ ನಾಟಕ ಎಂಬ ಸತ್ಯ ಹೊರಬಂದದ್ದು ಸುಮಾರು ಹತ್ತು ವರ್ಷಗಳ ನಂತರ. ಅಷ್ಟರಲ್ಲಿ ಕಾಫ್ಮನ್ ಬದುಕಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಿಂದ 1984ರ ಮೇ 16ರಂದು, 35ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು. ಆ ಸಾವನ್ನೂ ಹಲವರು ನಂಬಲಿಲ್ಲ. ಇದೂ ಆತನ ಇನ್ನೊಂದು ನಾಟಕ, ಒಂದು ದಿನ ಎದ್ದು ಬರುತ್ತಾನೆ ಎಂಬ ವದಂತಿ ದಶಕಗಳವರೆಗೆ ಉಳಿಯಿತು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ತೋಳ ತಿಂದ ಮೇಲೂ ಊರವರು ನಂಬದಿದ್ದುದು ಇಲ್ಲಿಯ ವಿಶೇಷ.

ತಂದೆಯ ಕುಸಿತ: ಡಲ್ಲಾಸ್, 1987

ಟೆಕ್ಸಾಸ್‌ನ ವಾನ್ ಎರಿಕ್ ಕುಟುಂಬದ ಪ್ರಸಂಗ ಇದಕ್ಕಿಂತ ಕರಾಳವಾದದ್ದು. ಫ್ರಿಟ್ಜ್ ವಾನ್ ಎರಿಕ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ಜಾಕ್ ಅಡ್‌ಕಿಸನ್ ಡಲ್ಲಾಸ್‌ನಲ್ಲಿ ತಮ್ಮದೇ ಕುಸ್ತಿ ಸಂಸ್ಥೆ ನಡೆಸುತ್ತಿದ್ದರು. ಅವರ ಮಕ್ಕಳೇ ಅದರ ನಾಯಕರು. ಮಗ ಡೇವಿಡ್ 1984ರಲ್ಲಿ ಜಪಾನ್ ಪ್ರವಾಸದಲ್ಲಿದ್ದಾಗ ಮೃತಪಟ್ಟರು. ಇನ್ನೊಬ್ಬ ಮಗ ಮೈಕ್ 1987ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಎಂಟು ತಿಂಗಳ ನಂತರ, ಅದೇ ವರ್ಷದ ಕ್ರಿಸ್ಮಸ್ ರಾತ್ರಿ, ಡಲ್ಲಾಸ್‌ನ ರಿಯೂನಿಯನ್ ಅರೀನಾದಲ್ಲಿ ಎದುರಾಳಿಗಳು ಫ್ರಿಟ್ಜ್ ಮೇಲೆ ಎರಗಿದರು. ಅವರು ಕುಸಿದುಬಿದ್ದರು. ಸಾವು ಬದುಕಿನ ನಡುವೆ ಹೋರಾಡುತ್ತಿದ್ದಾರೆ ಎಂಬ ಭಾವನೆ ಮೂಡಿಸುವಂತೆ ಅಭಿಮಾನಿಗಳಿಗೆ ಸುದ್ದಿ ನೀಡಲಾಯಿತು. ಅದೆಲ್ಲವೂ ಹೆಣೆದ ಕಥೆ. ಆ ಮನೆಯಲ್ಲಿ ನಿಜವಾದ ಸಾವುಗಳನ್ನು ಕಂಡು ಕಣ್ಣೀರಿಟ್ಟಿದ್ದ ಪ್ರೇಕ್ಷಕರ ಅನುಕಂಪವನ್ನೇ ಬಂಡವಾಳ ಮಾಡಿಕೊಳ್ಳುವ ಈ ಯತ್ನಕ್ಕೆ ‘ರೆಸ್ಲಿಂಗ್ ಅಬ್ಸರ್ವರ್’ ಓದುಗರು 1988ರ ಸಾಲಿನ ಅದೇ ಹೇಯ ಪ್ರಶಸ್ತಿಯನ್ನು ನೀಡಿದರು. ಮುಂದೆ 1991ರಲ್ಲಿ ಕ್ರಿಸ್, 1993ರಲ್ಲಿ ಕೆರ್ರಿ ಎಂಬ ಇನ್ನಿಬ್ಬರು ಮಕ್ಕಳೂ ಆತ್ಮಹತ್ಯೆ ಮಾಡಿಕೊಂಡರು. ಫ್ರಿಟ್ಜ್ 1997ರಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. 2023ರಲ್ಲಿ ತೆರೆಕಂಡ ‘ದಿ ಐರನ್ ಕ್ಲಾ’ ಚಿತ್ರ ಈ ಕುಟುಂಬದ್ದೇ ಕಥೆ.

ಮೌನವೂ ಒಂದು ತಂತ್ರ

ಮೇಲಿನ ಎರಡೂ ಪ್ರಸಂಗಗಳಲ್ಲಿ ಅಬ್ಬರವಿತ್ತು. ಅಬ್ಬರವಿದ್ದಲ್ಲಿ ಅನುಮಾನಕ್ಕೂ ಎಡೆಯಿರುತ್ತದೆ. 1995ರ ನವೆಂಬರ್ 20ರಂದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆದದ್ದು ಬೇರೆಯೇ ಬಗೆಯದು.

ಅಂದಿನ ಜನಪ್ರಿಯ ತಾರೆ ಶಾನ್ ಮೈಕೇಲ್ಸ್ ಅದಕ್ಕೆ ಸುಮಾರು ಐದು ವಾರಗಳ ಮೊದಲು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ನೈಟ್‌ಕ್ಲಬ್ ಒಂದರ ಹೊರಗೆ ನಿಜವಾಗಿಯೇ ಹಲ್ಲೆಗೊಳಗಾಗಿದ್ದರು. ಆ ಕಾರಣದಿಂದ ಅಕ್ಟೋಬರ್‌ನಲ್ಲಿ ತಮ್ಮ ಚಾಂಪಿಯನ್ ಪಟ್ಟವನ್ನೂ ಬಿಟ್ಟುಕೊಟ್ಟಿದ್ದರು. ಅಭಿಮಾನಿಗಳಿಗೆ ಈ ಸಂಗತಿ ಗೊತ್ತಿತ್ತು. ರಿಚ್ಮಂಡ್‌ನಲ್ಲಿ ಎದುರಾಳಿ ಓವನ್ ಹಾರ್ಟ್ ಹಾರಿ ತಲೆಯ ಹಿಂಭಾಗಕ್ಕೆ ಒದ್ದರು. ಮೈಕೇಲ್ಸ್ ಒಡನೆಯೇ ನೆಲ ಕಚ್ಚಿ ಉಳಿಯಲಿಲ್ಲ. ಎದ್ದರು, ಸೆಣಸಾಟ ಮುಂದುವರಿಸಿದರು, ಸ್ವಲ್ಪ ಹೊತ್ತಿನ ನಂತರ ತಲೆ ಹಿಡಿದುಕೊಂಡು ತಟ್ಟನೆ ಕುಸಿದರು.

ಆ ಕೆಲವು ಕ್ಷಣಗಳ ವಿಳಂಬವೇ ಇಡೀ ತಂತ್ರದ ಜೀವಾಳ. ಕುಸ್ತಿಯ ನಾಟಕದಲ್ಲಿ ಪೆಟ್ಟು ಬಿದ್ದೊಡನೆ ಬೀಳುವುದು ರೂಢಿ. ತಡವಾಗಿ ಬೀಳುವುದು ಮಿದುಳಿನ ಪೆಟ್ಟಿನ ಲಕ್ಷಣ. ವೀಕ್ಷಕ ವಿವರಣೆ ನೀಡುತ್ತಿದ್ದ ಸಂಸ್ಥೆಯ ಮಾಲೀಕ ವಿನ್ಸ್ ಮೆಕ್‌ಮಹೊನ್ ಹೆಡ್‌ಸೆಟ್ ಬಿಟ್ಟು ಎದ್ದು ರಿಂಗ್‌ನತ್ತ ಧಾವಿಸಿದರು. ವೈದ್ಯರು ಬಂದರು. ಪರದೆಯಲ್ಲಿ ವಿವರಣೆಯೇ ಇಲ್ಲ. ಮೈಕೇಲ್ಸ್ ಬಿದ್ದಿರುವಂತೆಯೇ ಕಾರ್ಯಕ್ರಮ ಮುಗಿಯಿತು. ಆಮೇಲಿನ ವಾರಗಳಲ್ಲಿ ಆತ ಮತ್ತೆ ಕುಸ್ತಿಯಾಡುವುದೇ ಅನುಮಾನ ಎಂಬ ಚರ್ಚೆ ನಡೆಯಿತು. 1996ರ ಜನವರಿಯಲ್ಲಿ ಮರಳಿ ಬಂದ ಮೈಕೇಲ್ಸ್ ‘ರಾಯಲ್ ರಂಬಲ್’ ಗೆದ್ದರು. ಮಾರ್ಚ್ 31ರ ‘ರೆಸಲ್‌ಮೇನಿಯಾ’ದಲ್ಲಿ ಬ್ರೆಟ್ ಹಾರ್ಟ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಈ ಕಥಾನಕವನ್ನು ಅಭಿಮಾನಿಗಳು ಇಂದಿಗೂ ಮೆಚ್ಚಿಕೊಳ್ಳುತ್ತಾರೆ. ಕಲೆಗಾರಿಕೆಯ ದೃಷ್ಟಿಯಿಂದ ಆ ಮೆಚ್ಚುಗೆ ಅರ್ಹವೇ. ಆದರೆ ಅದು ಬಳಸಿಕೊಂಡ ಸಾಮಗ್ರಿ ಯಾವುದು? ವಿವರಣೆಕಾರರ ಮೌನ, ಮಾಲೀಕನ ಗಾಬರಿ, ವೈದ್ಯರ ಓಟ. ನಾಟಕ ನಿಂತಿದೆ, ಇದೀಗ ನಡೆಯುತ್ತಿರುವುದು ನಿಜ ಎಂದು ತಿಳಿಸಲು ಈ ಉದ್ಯಮದ ಬಳಿ ಇದ್ದ ಸಂಕೇತಗಳೇ ಅವು. ಅವನ್ನೇ ನಾಟಕದೊಳಗೆ ಎಳೆದುಕೊಂಡ ಮೇಲೆ, ನಿಜವಾಗಿ ಅನಾಹುತವಾದಾಗ ಹೇಳುವುದು ಹೇಗೆ?

ರೆಫರಿಗಳು ತಲೆಯ ಮೇಲೆ ಎರಡೂ ತೋಳುಗಳನ್ನು ಅಡ್ಡಲಾಗಿ ಹಿಡಿದು ‘ಎಕ್ಸ್’ ಆಕಾರ ತೋರಿಸುವುದಕ್ಕೂ ಇದೇ ಗತಿಯಾಯಿತು. ಪೈಲ್ವಾನನಿಗೆ ನಿಜವಾದ ಗಾಯವಾಗಿದೆ ಎಂದು ತೆರೆಮರೆಯವರಿಗೆ ತಿಳಿಸುವ ಗುಪ್ತ ಸಂಜ್ಞೆ ಅದು. ಅಭಿಮಾನಿಗಳಿಗೆ ಅದರ ಅರ್ಥ ತಿಳಿದುಹೋದ ಬಳಿಕ, ಸುಳ್ಳು ಗಾಯಗಳಿಗೂ ನಂಬಿಕೆ ಬರಿಸಲು ಅದನ್ನೇ ಬಳಸತೊಡಗಿದರು.

ಕನ್ಸಾಸ್ ಸಿಟಿಯ ರಾತ್ರಿ

1995ರಲ್ಲಿ ಆ ಸುಳ್ಳು ಒದೆ ಕೊಟ್ಟಿದ್ದ ಓವನ್ ಹಾರ್ಟ್ ಅವರಿಗೇ ನಾಲ್ಕು ವರ್ಷಗಳೊಳಗೆ ನಿಜವಾದ ಅನಾಹುತ ಎದುರಾಯಿತು. 1999ರ ಮೇ 23ರಂದು ಮಿಸೌರಿಯ ಕನ್ಸಾಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಅವರು ಹಗ್ಗದ ಆಧಾರದಿಂದ ಛಾವಣಿಯಿಂದ ರಿಂಗ್‌ಗೆ ಇಳಿಯಬೇಕಿತ್ತು. ಕೊಂಡಿ ಬಿಚ್ಚಿಕೊಂಡಿತು. ಸುಮಾರು 78 ಅಡಿ ಎತ್ತರದಿಂದ ಬಿದ್ದರು. ವಯಸ್ಸು 34.

ಮನೆಗಳಲ್ಲಿ ನೋಡುತ್ತಿದ್ದವರಿಗೆ ಆ ಹೊತ್ತಿನಲ್ಲಿ ಮೊದಲೇ ಚಿತ್ರೀಕರಿಸಿದ ತುಣುಕು ಪ್ರಸಾರವಾಗುತ್ತಿದ್ದರಿಂದ ಬಿದ್ದದ್ದು ಕಾಣಲಿಲ್ಲ. ಅರೀನಾದಲ್ಲಿದ್ದ ಹಲವರು ಇದೂ ಪ್ರದರ್ಶನದ ಭಾಗವೆಂದೇ ತಿಳಿದರು; ಬಿದ್ದದ್ದು ಮನುಷ್ಯನಲ್ಲ, ಬೊಂಬೆ ಎಂದುಕೊಂಡವರೂ ಇದ್ದರು. ವಿವರಣೆಕಾರ ಜಿಮ್ ರಾಸ್ ಇದು ಕಥೆಯ ಭಾಗವಲ್ಲ, ನಿಜ ಎಂದು ಟಿವಿ ವೀಕ್ಷಕರಿಗೆ ಒತ್ತಿ ಒತ್ತಿ ಹೇಳಬೇಕಾಯಿತು. ಅವರ ಪಕ್ಕದಲ್ಲಿ ಕುಳಿತಿದ್ದ ಸಹ ವಿವರಣೆಕಾರ ಎದ್ದು ರಿಂಗ್‌ಗೆ ಹೋಗಿ ನೋಡಿ, ಬಿಳುಚಿದ ಮುಖದೊಡನೆ ಮರಳಿದರು. ಅವರು ಜೆರ್ರಿ ಲಾಲರ್.

ಓವನ್ ಮೃತಪಟ್ಟ ಸುದ್ದಿಯನ್ನು ರಾಸ್ ಟಿವಿ ವೀಕ್ಷಕರಿಗೆ ತಿಳಿಸಿದರು. ಅರೀನಾದಲ್ಲಿದ್ದ ಸಾವಿರಾರು ಜನರಿಗೆ ತಿಳಿಸಲಿಲ್ಲ. ಪ್ರದರ್ಶನ ಕೊನೆಯವರೆಗೂ ನಡೆಯಿತು. ಕುಟುಂಬ ಹೂಡಿದ ಮೊಕದ್ದಮೆ 2000ನೇ ಇಸವಿಯಲ್ಲಿ 1 ಕೋಟಿ 80 ಲಕ್ಷ ಡಾಲರ್ ಪರಿಹಾರದೊಂದಿಗೆ ರಾಜಿಯಲ್ಲಿ ಮುಗಿಯಿತು.

ನಿಜವನ್ನು ಗುರುತಿಸಲಾಗದ ಸ್ಥಿತಿ ಪ್ರೇಕ್ಷಕರಿಗಷ್ಟೇ ಸೀಮಿತವಲ್ಲ. 2015ರ ಮಾರ್ಚ್ 20ರಂದು ಮೆಕ್ಸಿಕೋದ ಟಿಹುವಾನಾದಲ್ಲಿ ಪೆರೊ ಅಗ್ವಾಯೊ ಜೂನಿಯರ್ ಎಂಬ ಪೈಲ್ವಾನ ರಿಂಗ್‌ನ ಹಗ್ಗದ ಮೇಲೆ ಪ್ರಜ್ಞಾಶೂನ್ಯರಾಗಿ ಒರಗಿದರು. ರಿಂಗ್‌ನಲ್ಲಿದ್ದ ಉಳಿದ ಪೈಲ್ವಾನರು ಸ್ವಲ್ಪ ಹೊತ್ತು ಪಂದ್ಯ ಮುಂದುವರಿಸಿಯೇ ಇದ್ದರು. ಅಗ್ವಾಯೊ ಬದುಕುಳಿಯಲಿಲ್ಲ.

ಮಾಂಟ್ರಿಯಲ್‌ನಿಂದ ಕೊಲಂಬಸ್‌ಗೆ

ಇಷ್ಟು ಹಿನ್ನೆಲೆಯೊಡನೆ ಲಾಲರ್ ಪ್ರಕರಣಕ್ಕೆ ಮರಳಬಹುದು. 2012ರ ಸೆಪ್ಟೆಂಬರ್ 10ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ, 62 ವರ್ಷದ ಲಾಲರ್ ರ‍್ಯಾಂಡಿ ಆರ್ಟನ್ ಜೊತೆಗೂಡಿ ಪಂಕ್ ಮತ್ತು ಡಾಲ್ಫ್ ಜಿಗ್ಲರ್ ವಿರುದ್ಧ ಸ್ವತಃ ಸೆಣಸಿದ್ದರು. ಬಳಿಕ ವಿವರಣೆಕಾರರ ಮೇಜಿಗೆ ಬಂದು ಕುಳಿತರು. ಇನ್ನೊಂದು ಪಂದ್ಯ ನಡೆಯುತ್ತಿರುವಾಗಲೇ ಕುಳಿತಲ್ಲಿಯೇ ಕುಸಿದರು. ಸಂಸ್ಥೆಯ ವೈದ್ಯಕೀಯ ಸಿಬ್ಬಂದಿ ಧಾವಿಸಿ ತೆರೆಮರೆಗೆ ಸಾಗಿಸಿದರು. ಅಲ್ಲಿ ಎದೆಯೊತ್ತಿ ಹೃದಯಕ್ಕೆ ಮರುಚಾಲನೆ ನೀಡಿ, ಆಸ್ಪತ್ರೆಗೆ ಕಳುಹಿಸಲಾಯಿತು.

ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ರಕ್ತ ಸಿಗದಿರುವುದು ಹೃದಯಾಘಾತ. ಹೃದಯದ ಬಡಿತವೇ ನಿಂತು ದೇಹಕ್ಕೆ ರಕ್ತ ಹರಿಯದಿರುವುದು ಹೃದಯ ಸ್ತಂಭನ. ಎರಡನೆಯದರಲ್ಲಿ ರೋಗಿಗೆ ಉಳಿದಿರುವ ಕಾಲವನ್ನು ನಿಮಿಷಗಳಲ್ಲಿ ಎಣಿಸಬೇಕು. ಸುತ್ತಲಿನವರು ಅದನ್ನು ಗುರುತಿಸಲು ತೆಗೆದುಕೊಳ್ಳುವ ಪ್ರತಿ ಕ್ಷಣವೂ ಆ ಲೆಕ್ಕದಿಂದಲೇ ಕಳೆಯುತ್ತದೆ. ಲಾಲರ್ ಬದುಕಿದ್ದು ವೈದ್ಯರು ಕೆಲವೇ ಹೆಜ್ಜೆಗಳ ದೂರದಲ್ಲಿದ್ದುದರಿಂದ.

ಜೊತೆಗಾರ ಮೈಕೇಲ್ ಕೋಲ್, ಇದು ಕಾರ್ಯಕ್ರಮದ ಭಾಗವಲ್ಲ ಎಂದು ವೀಕ್ಷಕರಿಗೆ ಸ್ಪಷ್ಟಪಡಿಸಿದರು. ಹದಿಮೂರು ವರ್ಷಗಳ ಹಿಂದೆ ಜಿಮ್ ರಾಸ್ ಆಡಬೇಕಾಗಿ ಬಂದಿದ್ದ ಮಾತೇ ಅದು. ಉಳಿದ ಪಂದ್ಯಗಳು ವಿವರಣೆಯಿಲ್ಲದೆ ಮೌನದಲ್ಲೇ ಪ್ರಸಾರವಾದವು. ಆ ಮೌನ ಈ ಬಾರಿ ನಿಜವಾದದ್ದು.

ನವೆಂಬರ್ 12ರಂದು ಲಾಲರ್ ಮರಳಿದಾಗ ಪ್ರೇಕ್ಷಕರು ಎದ್ದು ನಿಂತು ಸ್ವಾಗತಿಸಿದರು. ವೈದ್ಯರು ಅವರಿಗೆ ಚಿಕಿತ್ಸೆ ನೀಡುತ್ತಿದ್ದ ತೆರೆಮರೆಯ ದೃಶ್ಯಗಳನ್ನೂ ಸಂಸ್ಥೆ ಪ್ರಸಾರ ಮಾಡಿತು. ನಂತರ ಬಂದವರು ಪಂಕ್ ಮತ್ತು ಹೇಮನ್. ‘ಸರ್ವೈವರ್ ಸೀರೀಸ್’ ಪಂದ್ಯಾವಳಿಗೆ ಆರೇ ದಿನ ಉಳಿದಿತ್ತು. ಸುಮಾರು ಒಂದು ವರ್ಷದಿಂದ ಚಾಂಪಿಯನ್ ಆಗಿದ್ದ ಖಳನಾಯಕನ ಮೇಲೆ ಜನರಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಬಂತು, ಆದರೆ ಅದು ಪಾತ್ರದ ಮೇಲಷ್ಟೇ ನಿಲ್ಲದೆ ಸಂಸ್ಥೆಯ ಮೇಲೂ ಹರಿಯಿತು.

ಸಮರ್ಥಕರ ವಾದವನ್ನು ಅಲ್ಲಗಳೆಯುವಂತಿಲ್ಲ. ಹೇಯವಾಗಿ ವರ್ತಿಸುವುದೇ ಖಳನ ಕೆಲಸ. ಲಾಲರ್ ಸ್ವತಃ ಆ ದೃಶ್ಯದಲ್ಲಿ ಪಾಲ್ಗೊಂಡಿದ್ದರು. ಮೇಲಾಗಿ ಹೇಮನ್ ಕುಸಿತ ಯಾರನ್ನೂ ಮೋಸಗೊಳಿಸಲಿಲ್ಲ. ಪಂಕ್ ನಕ್ಕೊಡನೆ ಅದು ಅಣಕವೆಂಬುದು ಬಯಲಾಯಿತು. ಅದರ ತಪ್ಪು ಅಭಿರುಚಿಯದು. ಹೃದ್ರೋಗದಿಂದ ಮನೆಯವರನ್ನು ಕಳೆದುಕೊಂಡವರಿಗೆ ಅದು ನೋವುಂಟುಮಾಡಿತು, ಸಾವಿನಂಚಿನಿಂದ ಮರಳಿದವರ ಚಿತ್ರಣವನ್ನು ಸರಕಾಗಿಸಿತು. ಖಂಡನೆಗೆ ಅಷ್ಟು ಸಾಕು.

ಗಮನಿಸಬೇಕಾದ್ದು ಖಂಡನೆ ಹಂಚಿಕೆಯಾದ ಬಗೆಯನ್ನು. ಯಾರನ್ನೂ ನಂಬಿಸದ 2012ರ ಅಣಕಕ್ಕೆ ನಿಂದೆ ದೊರೆಯಿತು. ಲಕ್ಷಾಂತರ ಜನರನ್ನು ವಾರಗಟ್ಟಲೆ ನಂಬಿಸಿದ 1995ರ ನಾಟಕಕ್ಕೆ ಮೆಚ್ಚುಗೆ. ಕನ್ಸಾಸ್ ಸಿಟಿಯಲ್ಲೂ ಮಾಂಟ್ರಿಯಲ್‌ನಲ್ಲೂ ವಿವರಣೆಕಾರರು ‘ಇದು ನಿಜ’ ಎಂದು ಪ್ರಮಾಣ ಮಾಡುವಂತೆ ಹೇಳಬೇಕಾದ ಸ್ಥಿತಿಯನ್ನು ತಂದದ್ದು ಹೇಮನ್‌ರಂಥವರ ಒರಟು ಅಣಕವಲ್ಲ, ರಿಚ್ಮಂಡ್ ಮಾದರಿಯ ನಾಜೂಕಿನ ಸುಳ್ಳು. ಮೆಂಫಿಸ್‌ನಲ್ಲಿ ಅಂಥದ್ದನ್ನೇ ಮೊದಲು ಮಾರಿದ್ದ ಲಾಲರ್‌ಗೆ ಇದು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಲಾಲರ್ ಆ ಬಳಿಕವೂ ಹಲವು ವರ್ಷ ವಿವರಣೆಕಾರರಾಗಿ ಮುಂದುವರಿದರು. 2018ರಲ್ಲಿ, ನಂತರ 2023ರ ಫೆಬ್ರವರಿಯಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. 2014ರ ಆರಂಭದಲ್ಲಿ ಸಂಸ್ಥೆಯನ್ನು ತೊರೆದ ಪಂಕ್ 2023ರ ನವೆಂಬರ್‌ನಲ್ಲಿ ಮರಳಿದರು. ಪಾಲ್ ಹೇಮನ್ ಅವರನ್ನು 2024ರಲ್ಲಿ ಸಂಸ್ಥೆಯ ‘ಹಾಲ್ ಆಫ್ ಫೇಮ್’ಗೆ ಸೇರಿಸಲಾಯಿತು. ಲಾಲರ್ ಆ ಗೌರವ ಪಡೆದದ್ದು 2007ರಲ್ಲೇ.